ನಾಲ್ಕು ಸಾವಿರ ಗರಿಗಳು, ಮೂವತ್ತೊಂದು ದಿಂಬುಗಳು

ಬೆಳಿಗ್ಗೆ ಎಚ್ಚರವಾದ ಮೇಲೆ ಹಾಸಿಗೆಯ ಅಂಚಿನಲ್ಲಿ ಕೂತು, ಕೈ ಮುಗಿದು, ಕಣ್ಣು ಮುಚ್ಚಿ, ಎರಡು ನಿಮಿಷ ದೇವರ ಜೊತೆ ಇರದೆ ರಬ್ಬರಕ್ಕ ನೆಲಕ್ಕೆ ಕಾಲಿಟ್ಟವಳಲ್ಲ. ಜ್ವರವಿರಲಿ, ನೆಂಟರಿರಲಿ, ನಲ್ಲಿಯಲ್ಲಿ ನೀರು ಬಂದು ಹೋಗುವ ಹೊತ್ತೇ ಆಗಿರಲಿ, ಆ ಎರಡು ನಿಮಿಷ ತಪ್ಪಿದ್ದಿಲ್ಲ. ದೇವರ ಹತ್ತಿರ ಅವಳು ಏನನ್ನಾದರೂ ಕೇಳುವುದು ಕಡಿಮೆ. ಬೆಳಗಾಗುವುದೇ ತಡ, ಪಾಪ ಅವನಿಗೆ ಎಷ್ಟು ಜನರ ಕಾಟವೋ ಎಂದುಕೊಂಡು, ಸುಮ್ಮನೆ ಜೊತೆಯಲ್ಲಿ ಕೂತು ಎದ್ದು ಬರುತ್ತಿದ್ದಳು. ಆ ಶನಿವಾರ ಮಾತ್ರ ಬಾಯಿ ಸುಮ್ಮನಿರಲಿಲ್ಲ.

"ಸ್ವಾಮಿ, ಈ ಎರಡು ದಿನ ನೀನು ಆರಾಮಾಗಿರು. ಗರಿಗಳ ವಿಷಯ ನಾನು ನೋಡ್ಕೊಳ್ತೀನಿ. ಸೋಮವಾರ ಹನ್ನೊಂದು ಗಂಟೆಗೆ ಬೇಕಾದ್ರೆ ನೀನೇ ಬಂದು ನೋಡು," ಎಂದುಬಿಟ್ಟಳು.

ಪಕ್ಕದ ಕಂಬಳಿಯೊಳಗಿಂದ ಯಜಮಾನರ ದನಿ ಬಂತು. "ದೇವರಿಗೇ ರಜೆ ಮಂಜೂರು ಮಾಡಿದ್ಯಾ? ಹಾಗೇ ನನಗೂ ಒಂದು ದಿನ ಬರ್ಕೊಡೇ."

"ನಿಮ್ಮ ಅಂಗಡಿ ಒಂಬತ್ತೂವರೆಗೆ. ಏಳಿ."

ಯಜಮಾನರದು ಕನ್ನಡಕದ ಅಂಗಡಿ. ಊರಿನವರ ಕಣ್ಣೆಲ್ಲ ಸರಿಮಾಡುವ ಆ ಮನುಷ್ಯನಿಗೆ ತನ್ನ ಕನ್ನಡಕ ತನ್ನ ಹಣೆಯ ಮೇಲೇ ಇರುವುದು ದಿನಕ್ಕೆ ಮೂರು ಸಲವಾದರೂ ಕಾಣುವುದಿಲ್ಲ.

ರಬ್ಬರಕ್ಕ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಸ್ಟುಡಿಯೋದವರು ಇಟ್ಟದ್ದು. ಸಿನಿಮಾದಲ್ಲಿ ನಾಯಕ ಗಾಳಿಯಲ್ಲಿ ಹಾರುತ್ತಾನಲ್ಲ, ಅವನು ಸುಮ್ಮನೆ ಹಾರುವುದಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ ಆರು ಜನ ಎಳೆಯುತ್ತಾರೆ. ಆಮೇಲೆ ಆ ಹಗ್ಗವನ್ನು ಒಂದೊಂದೇ ಚಿತ್ರದಿಂದ ಯಾರಾದರೂ ಅಳಿಸಬೇಕು. ಹದಿನಾರು ವರ್ಷದಿಂದ ಅಳಿಸುತ್ತಿದ್ದವಳು ಇವಳು. ಇವಳು ಅಳಿಸಿದ ಹಗ್ಗಗಳನ್ನೆಲ್ಲ ಗಂಟು ಹಾಕಿದ್ದರೆ ಚಂದ್ರನ ತನಕ ಬಟ್ಟೆ ಒಣಗಿಸಬಹುದಿತ್ತು. ಒಳ್ಳೆಯ ಕೆಲಸ ಮಾಡಿದ ದಿನ ಏನೂ ಮಾಡಿಲ್ಲವೆಂಬಂತೆ ಕಾಣುವುದೇ ಆ ಕೆಲಸದ ಲಕ್ಷಣ. ಅವಳಿಗೆ ಅದು ಒಗ್ಗಿತ್ತು.

ಈಗ ಆ ಕೆಲಸಕ್ಕೆ ಯಂತ್ರ ಬಂದಿತ್ತು. ರಬ್ಬರಕ್ಕ ಒಂದು ವಾರ ಅಳಿಸುತ್ತಿದ್ದ ಹಗ್ಗವನ್ನು ಅದು ಒಂದು ಲೋಟ ಚಹಾ ಆರುವುದರೊಳಗೆ ಅಳಿಸಿಬಿಡುತ್ತಿತ್ತು. ಸ್ಟುಡಿಯೋದ ಮೇಡಂ ಅವಳನ್ನು ಕರೆದು, ಕೆಟ್ಟ ಸುದ್ದಿಯನ್ನು ಆದಷ್ಟು ಮೆತ್ತಗೆ ಹೇಳಿದ್ದರು. ಹಗ್ಗದ ಮೇಜು ಮುಂದಿನ ತಿಂಗಳ ಕೊನೆಗೆ ಮುಚ್ಚುತ್ತದೆ. ಅವಳ ಮುಂದೆ ಎರಡು ದಾರಿ. ಒಂದು, ನೆಲಮಾಳಿಗೆಯ ಸ್ಟೋರಿನಲ್ಲಿ ಕೂತು ಕೇಬಲ್ಲುಗಳಿಗೆ ಚೀಟಿ ಅಂಟಿಸುವುದು. ಇನ್ನೊಂದು, ಮೂರನೇ ಮಹಡಿಯಲ್ಲಿ, ಹೊಗೆ, ಧೂಳು, ಎಲೆ, ಮಂಜು ಎಲ್ಲವನ್ನೂ ಕಂಪ್ಯೂಟರಿನಲ್ಲೇ ಹುಟ್ಟಿಸುವ ಎಫೆಕ್ಟ್ಸ್ ಕೋಣೆಯಲ್ಲಿ ಒಂದು ಖುರ್ಚಿ. ಅಲ್ಲಿಗೆ ಹೋಗಬೇಕಾದರೆ ಒಂದು ಪರೀಕ್ಷೆ. ಗಾಳಿಯಲ್ಲಿ ಒಂದು ದಿಂಬು ಒಡೆದು, ನಾಲ್ಕು ಸಾವಿರ ಗರಿಗಳು ಕೋಣೆಯ ತುಂಬ ತೇಲಿ, ನೆಲಕ್ಕಿಳಿಯುವ ಹತ್ತು ಸೆಕೆಂಡಿನ ದೃಶ್ಯ. ಅದನ್ನು ನಡೆಸಲು ಕಂಪ್ಯೂಟರಿಗೆ ಕೊಡುವ ಅಪ್ಪಣೆಗಳ ಸ್ಕ್ರಿಪ್ಟು ಪೂರ್ತಿ ತಾನೇ ಬರೆದಿರಬೇಕು. ಆರು ವಾರ ಕಳೆದು ಬರುವ ಸೋಮವಾರ ಹನ್ನೊಂದು ಗಂಟೆಗೆ ತೋರಿಸಬೇಕು.

"ನೆಲಮಾಳಿಗೆಗೆ ಕಿಟಕಿ ಇಲ್ಲ," ಎಂದಿದ್ದಳು ಮನೆಗೆ ಬಂದು. ಅಷ್ಟೇ ಹೇಳಿದ್ದಳು. ಅವಳ ಅತ್ತೆಗೆ ಅಷ್ಟೇ ಸಾಕಾಗಿತ್ತು. ಅವತ್ತಿನಿಂದ ಊಟದ ಮೇಜು ಸೊಸೆಯ ಪಾಠಶಾಲೆಯಾಯಿತು, ಊಟ ಅಡುಗೆಮನೆಯ ಕಟ್ಟೆಯ ಮೇಲೆ.

ಎಫೆಕ್ಟ್ಸ್ ಕೋಣೆಯ ಮುಖ್ಯಸ್ಥನನ್ನು ಎಲ್ಲರೂ ಹೊಗೆಯಣ್ಣ ಎನ್ನುತ್ತಿದ್ದರು. ಅವನು ಮಾಡಿದ ಹೊಗೆ ಎಷ್ಟು ಚೆನ್ನಾಗಿರುತ್ತಿತ್ತೆಂದರೆ, ಒಮ್ಮೆ ಪರದೆಯನ್ನು ನೋಡಿದ ಕಾವಲುಗಾರ ಬಕೆಟ್ ಹಿಡಿದು ಓಡಿಬಂದಿದ್ದ. ವಯಸ್ಸಿನಲ್ಲಿ ಅವನು ರಬ್ಬರಕ್ಕನಿಗಿಂತ ಚಿಕ್ಕವನು. ಆದರೂ ಇವಳು ಅವನನ್ನು ಅಣ್ಣ ಎನ್ನುವಳು, ಅವನು ಇವಳನ್ನು ಅಕ್ಕ ಎನ್ನುವನು. ಸ್ಟುಡಿಯೋದಲ್ಲಿ ವಯಸ್ಸಿನ ಲೆಕ್ಕ ಹಾಗೆಯೇ. ಮನೆಯಲ್ಲಿ ಅಭ್ಯಾಸ ಮಾಡಲಿ ಎಂದು ಕೋಣೆಯ ಹಳೆಯ ಕಂಪ್ಯೂಟರೊಂದನ್ನು ಅವನೇ ಕೊಟ್ಟು ಕಳಿಸಿದ್ದ. ಅದು ಗಾತ್ರದಲ್ಲಿ ಸಣ್ಣ ಬೀರುವಿನಷ್ಟಿತ್ತು. ಮೇಜಿನ ಕೆಳಗೆ, ಹಿಂಭಾಗ ಕೋಣೆಯ ಕಡೆ ಮಾಡಿ ಇಡಬೇಕಾಯಿತು.

ಆರು ವಾರ ಕಲಿತಳು. ಗುರು ಇಲ್ಲ, ಯಾರೋ ಪುಣ್ಯಾತ್ಮರು ಹಾಕಿದ್ದ ಪಾಠಗಳ ವಿಡಿಯೋ ಇತ್ತು, ಒಂದು ನೋಟುಪುಸ್ತಕವಿತ್ತು. ಇಲ್ಲಿ ಯಾವುದನ್ನೂ ಕೈಯಿಂದ ಸರಿಸುವ ಹಾಗಿಲ್ಲ. ಪರದೆಯ ಮೇಲೆ ಚುಕ್ಕಿಗಳನ್ನು ಚೆಲ್ಲಿ, ಒಂದು ಪುಟ್ಟ ಚೌಕದೊಳಗೆ ಸಾಲು ಸಾಲಾಗಿ ಅಪ್ಪಣೆ ಬರೆಯಬೇಕು. ಬರೆದದ್ದನ್ನು ಚುಕ್ಕಿಗಳು ಮಾಡುತ್ತವೆ. ಬರೆದದ್ದನ್ನೇ ಮಾಡುತ್ತವೆ ಎಂಬುದೇ ಕಷ್ಟ. ಮೊದಲನೇ ವಾರ 'ಕೆಳಗೆ' ಎನ್ನುವ ಕಡೆ ಒಂದು ಗುರುತು ತಪ್ಪಿ ಗರಿಗಳೆಲ್ಲ ಸೀದಾ ಆಕಾಶಕ್ಕೆ ಹೋಗಿ ಮಾಯವಾದವು. ಎರಡನೇ ವಾರ ಸಾಲಿನ ಕೊನೆಯ ಸೆಮಿಕೋಲನ್ ಮರೆತು ಇಡೀ ಮಂಗಳವಾರ ಹೋಯಿತು.

"ಅಷ್ಟು ಚಿಕ್ಕ ಗುರುತಿಗೆ ಇಷ್ಟು ದೊಡ್ಡ ಸಿಟ್ಟಾ?" ಎಂದಿದ್ದರು ಯಜಮಾನರು.

"ನಿಮ್ಮ ಅಂಗಡೀಲಿ ಒಂದು ಸ್ಕ್ರೂ ಬಿದ್ದುಹೋದ್ರೆ ಇಡೀ ಮನೆ ಮಂಡಿಯೂರಿ ಹುಡುಕಲ್ವಾ? ಹಾಗೆ."

ಯಜಮಾನರು ಕನ್ನಡಕ ಮೂಗಿಗಿಳಿಸಿ, ಸೆಮಿಕೋಲನ್ ಹುಡುಕಲು ಪಕ್ಕದಲ್ಲಿ ಕೂತರು.

ಆ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ರಬ್ಬರಕ್ಕ ನಾಲ್ಕು ಸಾವಿರ ಚುಕ್ಕಿಗಳನ್ನು ಚೆಲ್ಲಿ, ಚೌಕದೊಳಗೆ ಠೀವಿಯಿಂದ ಬರೆದಳು: ನಾಲ್ಕು ಸಾವಿರ ಗರಿ ಮಾಡು. ಸೆಮಿಕೋಲನ್ ಹಾಕಿದಳು. ಅದರ ಮೇಲೆ ಬೆರಳಿಟ್ಟು ಇದೆಯೆಂದು ಖಾತ್ರಿ ಮಾಡಿಕೊಂಡಳು. ಗುಂಡಿ ಒತ್ತಿದಳು. ಪರದೆಯ ಮೂಲೆಯಲ್ಲಿ ಒಂದು ಚಕ್ರ ತಿರುಗತೊಡಗಿತು. ಮೇಜಿನ ಕೆಳಗೆ ಫ್ಯಾನು ಗುರ್ ಎಂದಿತು.

"ಏನಂತೆ ಅದಕ್ಕೆ?" ಎಂದರು ಅತ್ತೆ.

"ಯೋಚನೆ ಮಾಡ್ತಿದೆ ಅತ್ತೆ. ಗರಿ ಮಾಡಿಕೊಡುತ್ತೆ. ಆಮೇಲೆ ಅದು ಹೇಗೆ ಬೀಳಬೇಕು ಅಂತ ನಾನು ಬರೆಯಬೇಕು."

ಅತ್ತೆ ಮೂವತ್ತು ವರ್ಷ ರೇಡಿಯೋದಲ್ಲಿ ಹವಾಮಾನ ವರದಿ ಓದಿದವರು. ಅವರು ಉಪ್ಪು ಕೇಳಿದರೂ ನಾಳೆ ಸಾಧಾರಣ ಮಳೆ ಎಂದಂತೆ ಕೇಳಿಸುತ್ತದೆ. ಅದೇ ದನಿಯಲ್ಲಿ ಕೇಳಿದರು: "ಗರಿ ಬೀಳೋದನ್ನ ನೀನು ನೋಡಿದ್ದೀಯೇನೇ?"

ರಬ್ಬರಕ್ಕ ನೋಡಿರಲಿಲ್ಲ. ಹಗ್ಗ ನೋಡಿದ್ದಳು, ಹದಿನಾರು ವರ್ಷ. ಗರಿ ಗಾಳಿಯಲ್ಲಿ ಬಿದ್ದಿದ್ದನ್ನು ಒಂದು ಸಲವೂ ಕಣ್ಣಿಟ್ಟು ನೋಡಿರಲಿಲ್ಲ.

ಅದಕ್ಕೇನಂತೆ, ಒಂದು ಗರಿಯ ದಿಂಬು ಸಿಕ್ಕರೆ ಹರಿದು ನೋಡಿದರಾಯಿತು. ಅವರ ಕಟ್ಟಡದಲ್ಲಿ ಮೂವತ್ತೆರಡು ಮನೆ. ಫೋನಿನಲ್ಲಿ ಎಲ್ಲ ಮನೆಯವರದೂ ಒಂದು ಗುಂಪು ಇತ್ತು. ಮೆಟ್ಟಿಲ ಮೇಲೆ ಯಾರು ಬಕೆಟ್ ಬಿಟ್ಟರು ಎಂಬ ಚರ್ಚೆ ಹನ್ನೊಂದು ದಿನ ನಡೆದ ಮೇಲೆ ಕಟ್ಟಡದ ಕಾರ್ಯದರ್ಶಿಗಳು ಅದರಲ್ಲಿ ಉತ್ತರ ಬರೆಯುವುದನ್ನೇ ಬಂದ್ ಮಾಡಿದ್ದರು. ಈಗ ಅದರಲ್ಲಿ ಬರೆಯಬಲ್ಲವರು ಇಬ್ಬರೇ. ಕಾರ್ಯದರ್ಶಿಗಳು, ಮತ್ತು ಯಾರ ಜೊತೆಗೂ ಜಗಳವಾಡದವಳು ಎಂಬ ಕಾರಣಕ್ಕೆ ರಬ್ಬರಕ್ಕ. ಉಳಿದವರೆಲ್ಲ ಓದಬಹುದು, ಅಷ್ಟೇ.

ಅವಳು ಬರೆದಳು: 'ನಮಸ್ಕಾರ. ಗರಿ ತುಂಬಿದ ಹಳೆಯ ದಿಂಬು ಒಂದಿದ್ದರೆ ದಯವಿಟ್ಟು ಇವತ್ತು ನಮ್ಮ ಮನೆಗೆ ತಲುಪಿಸಿ. ಹರಿಯಲು ಬೇಕಾಗಿದೆ.'

ಹತ್ತು ನಿಮಿಷದಲ್ಲಿ ಕರೆಗಂಟೆ ಸದ್ದಾಯಿತು. ಎರಡನೇ ಮಹಡಿಯ ಹಲ್ಲಿನ ವೈದ್ಯರು, ಕಂಕುಳಲ್ಲಿ ದಿಂಬು.

"ಗರಿಯದಾ ಡಾಕ್ಟ್ರೇ?"

"ಗೊತ್ತಿಲ್ಲಮ್ಮ. ಒಳಗಡೆ ಏನಿದೆ ಅಂತ ಬಾಯಿ ತೆರೆದು ನೋಡ್ಬೇಕು."

ನಿಜವೇ. ದಿನಾ ತಲೆಯಿಡುವ ದಿಂಬಿನೊಳಗೆ ಏನಿದೆ ಎಂದು ಯಾರಿಗೆ ಗೊತ್ತಿರುತ್ತದೆ? ವೈದ್ಯರು ಕೂತರು. ಚಹಾ ಬಂತು. ಕಟ್ಟಡದವರೆಲ್ಲರಿಗೂ ಗೊತ್ತಿದ್ದ ಒಂದು ಸಂಗತಿಯೆಂದರೆ, ರಬ್ಬರಕ್ಕನ ಎದುರು ಕೂತರೆ ಅವಳು ಕೇಳಿಸಿಕೊಳ್ಳುತ್ತಾಳೆ. ನಡುವೆ ಬಾಯಿ ಹಾಕುವುದಿಲ್ಲ, ಗಡಿಯಾರ ನೋಡುವುದಿಲ್ಲ. ದಿನವಿಡೀ ಇನ್ನೊಬ್ಬರ ಬಾಯಲ್ಲಿ ಕೈಯಿಟ್ಟು ಅವರನ್ನು ಮಾತಾಡಲು ಬಿಡದ ವೈದ್ಯರು, ತಾವೇ ಮುಕ್ಕಾಲು ಗಂಟೆ ಮಾತಾಡಿದರು.

ಅವರು ಏಳುವ ಮೊದಲೇ ದರ್ಜಿ ಅಮ್ಮ ಬಂದಳು. ದಿಂಬು ಕೊಟ್ಟು, ಕತ್ತರಿಯನ್ನೂ ಕೊಟ್ಟು, "ಹರೀಬೇಡಿ, ಹೊಲಿಗೆ ಬಿಚ್ಚಿ. ಬಟ್ಟೆ ಏನು ತಪ್ಪು ಮಾಡಿದೆ?" ಎಂದಳು. ಅವಳ ಹಿಂದೆ ಹೊಸದಾಗಿ ಮದುವೆಯಾದ ಜೋಡಿ. "ನಮ್ಮ ಹತ್ರ ಎರಡಿತ್ತು ಆಂಟಿ," ಎಂದಳು ಹುಡುಗಿ. "ಒಂದು ಸಾಕಾಗುತ್ತೆ," ಎಂದ ಹುಡುಗ, ಅಂದವನೇ ಕಿವಿಯ ತನಕ ಕೆಂಪಗಾದ. ಬಸ್ ಚಾಲಕರು ಕುತ್ತಿಗೆಗೆ ಹಾಕಿಕೊಳ್ಳುವ ಲಾಳದಾಕಾರದ ದಿಂಬು ತಂದರು. ಕಾರ್ಯದರ್ಶಿಗಳು ದಿಂಬಿನ ಜೊತೆ, ದಿಂಬು ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಲು ಒಂದು ಕಾಗದವನ್ನೂ ತಂದರು. ವ್ಯಾಯಾಮದ ಮಾಸ್ತರು ಎರಡೂ ತೋಳಲ್ಲಿ ತಬ್ಬಿಕೊಂಡು ತಂದದ್ದು ದಿಂಬೇ ಅಲ್ಲ, ಇಬ್ಬರು ಕೂರಬಹುದಾದ ದುಂಡನೆಯ ಚೀಲ. "ಗರಿ ಇದ್ರೆ ಇದರಲ್ಲೇ ಇರ್ಬೇಕು ಅಕ್ಕ. ನೋಡಿ, ಎಷ್ಟು ಹಗುರ," ಎಂದು ಅದನ್ನು ಮೇಜಿನ ಪಕ್ಕ ಇಳಿಸಿದರು.

ಯಾರಿಗೂ ಇನ್ನೊಬ್ಬರು ಕೊಟ್ಟದ್ದು ಗೊತ್ತಿಲ್ಲ. ಗುಂಪಿನಲ್ಲಿ 'ನಾನು ಕೊಟ್ಟೆ' ಎಂದು ಬರೆಯುವ ಹಾಗಿಲ್ಲವಲ್ಲ. ಪ್ರತಿ ಮನೆಯವರೂ, ಪಾಪ ಅವಳು ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ, ನಾವೂ ಕೊಡದಿದ್ದರೆ ಇನ್ಯಾರು ಕೊಡುತ್ತಾರೆ ಎಂದುಕೊಂಡೇ ಮೆಟ್ಟಿಲು ಹತ್ತಿದರು.

"ಸಾಕು ಅಂತ ಇನ್ನೊಂದು ಮೆಸೇಜ್ ಹಾಕೇ," ಎಂದರು ಅತ್ತೆ, ಹದಿನೇಳನೇ ದಿಂಬಿನ ಹೊತ್ತಿಗೆ.

"ಈಗ ತರ್ತಾ ಇರೋರಿಗೆ ಬೇಜಾರಾಗಲ್ವಾ ಅತ್ತೆ?"

ನಡುವೆ ಹೊಗೆಯಣ್ಣ ಫೋನ್ ಮಾಡಿದ. "ಹೇಗೆ ನಡೀತಿದೆ ಅಕ್ಕ?"

"ಚಕ್ರ ತಿರುಗ್ತಾನೇ ಇದೆ ಅಣ್ಣ. ಫ್ಯಾನ್ ಭಾರಿ ಜೋರು."

"ಫ್ಯಾನ್ ಜೋರಾಗಿದೆ ಅಂದ್ರೆ ಕೆಲಸ ಜೋರಾಗಿದೆ ಅಂತ. ಬಿಟ್ಬಿಡಿ," ಎಂದ ಅವನು.

ಬಿಟ್ಟಳು. ಫ್ಯಾನಿನ ಗುರ್ ಎಂಬುದು ಹೊತ್ತೇರಿದಂತೆ ವಿಮಾನ ಮೇಲೇಳುವ ಸದ್ದಾಗಿ, ಹಿಂಭಾಗದಿಂದ ಬಿಸಿಗಾಳಿ ಬುಸುಗುಟ್ಟತೊಡಗಿತು. ಬಂದವರು ಅದರ ಮುಂದೆ ಕಾಲು ಚಾಚಿ, ಹಿತವಾಗಿದೆ ಎಂದರು.

ನಾಲ್ಕು ಗಂಟೆಗೆ ಯಜಮಾನರು ಊಟಕ್ಕೆ ಬಂದರು. ಬಾಗಿಲು ಅರ್ಧ ತೆರೆದು ನಿಂತಿತು. ಮೆತ್ತಗೆ ಏನೋ ಅಡ್ಡವಿತ್ತು. ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ, ಸಂದಿಯಲ್ಲಿ ತಲೆ ತೂರಿಸಿ ನೋಡಿದರು.

"ಏನೇ ಇದು? ನಾನು ಮನೆ ತಪ್ಪಿ ಬಂದ್ನಾ?"

"ದಿಂಬು ರೀ."

"ಅದು ಕಾಣುತ್ತೆ. ಎಷ್ಟು?"

"ಮೂವತ್ತು."

"ಎಷ್ಟು ಕೇಳಿದ್ದೆ?"

"ಒಂದು," ಎಂದಳು ರಬ್ಬರಕ್ಕ, ಆದಷ್ಟು ಚಿಕ್ಕ ದನಿಯಲ್ಲಿ.

ಊಟ ಪಕ್ಕಕ್ಕಿಟ್ಟು ಮೂವರೂ ಹೊಲಿಗೆ ಬಿಚ್ಚಲು ಕೂತರು. ಒಂದೊಂದು ಮೂಲೆಯಲ್ಲಿ ಎರಡು ಬೆರಳಿನಷ್ಟು ಬಿಚ್ಚಿ ಇಣುಕಿದರು. ಹತ್ತಿ, ಹತ್ತಿ, ಸ್ಪಂಜು, ಹತ್ತಿ. ಕಾರ್ಯದರ್ಶಿಗಳ ದಿಂಬಿನಲ್ಲಿ ಹಳೆಯ ಪ್ಯಾಂಟಿನ ತುಂಡು. ಒಂದು ದಿಂಬಿನೊಳಗೆ ಇನ್ನೊಂದು ಹಳೆಯ ದಿಂಬೇ ಇತ್ತು, ಅದರೊಳಗೆ ಮತ್ತೆ ಹತ್ತಿ. ಇಪ್ಪತ್ತೊಂಬತ್ತು ಮುಗಿದರೂ ಒಂದೇ ಒಂದು ಗರಿಯಿಲ್ಲ.

ಉಳಿದದ್ದು ವ್ಯಾಯಾಮದ ಮಾಸ್ತರ ಚೀಲ. ಯಜಮಾನರಿಗೆ ಹಸಿವು. ಹಸಿದವನ ಕೈಗೆ ಕತ್ತರಿ ಕೊಡಬಾರದು. ಎರಡು ಬೆರಳಿನಷ್ಟು ಬಿಚ್ಚುವ ತಾಳ್ಮೆಯಿಲ್ಲದೆ ಅವರು ಚೀಲದ ನಡುವೆ ಕತ್ತರಿ ಇಟ್ಟು ಸರ್ರನೆ ಎಳೆದರು.

ಒಳಗಿದ್ದದ್ದು ಸಾಸಿವೆಗಿಂತ ತುಸು ದೊಡ್ಡದಾದ ಬಿಳಿಯ ಥರ್ಮಾಕೋಲ್ ಮಣಿಗಳು. ಲಕ್ಷಗಟ್ಟಲೆ. ಅವು ನೆಲಕ್ಕೆ ಹರಿದದ್ದೇನೋ ಸರಿ, ಆದರೆ ಹರಿದದ್ದು ನೇರವಾಗಿ ಕಂಪ್ಯೂಟರಿನ ಹಿಂಭಾಗಕ್ಕೆ. ಬೆಳಿಗ್ಗೆ ಹತ್ತರಿಂದ ಬುಸುಗುಟ್ಟುತ್ತಿದ್ದ ಆ ಬಿಸಿಗಾಳಿ, ಇಷ್ಟು ಹೊತ್ತು ಇದಕ್ಕಾಗಿಯೇ ಕಾದಿದ್ದಂತೆ ಮಣಿಗಳನ್ನು ಎತ್ತಿ ಬಿಸಾಡಿತು. ಕಣ್ಣು ಮಿಟುಕಿಸುವುದರೊಳಗೆ ಮನೆಯೆಲ್ಲ ಬೆಳ್ಳಗಾಯಿತು. ಮಣಿಗಳು ದೀಪಕ್ಕೆ ಸುತ್ತು ಹಾಕಿದವು, ಪರದೆಗೆ ಅಂಟಿದವು, ಯಜಮಾನರ ಎರಡೂ ಕಿವಿಯೊಳಗೆ ನುಗ್ಗಿದವು. ಅತ್ತೆಯ ಸೀರೆಗೆ ಮೇಲಿಂದ ಕೆಳಗಿನವರೆಗೆ ಕಚ್ಚಿಕೊಂಡವು. ಕಂಪ್ಯೂಟರಿನ ಪರದೆಯ ಮೇಲೆ ಬಾರದ ದೃಶ್ಯ ಮನೆಯೊಳಗೆ, ಹತ್ತು ಸೆಕೆಂಡಲ್ಲ, ಪೂರಾ ಐದು ನಿಮಿಷ ನಡೆಯಿತು.

ಆ ಬಿಳಿ ಬಿರುಗಾಳಿಯ ನಡುವೆ ಅತ್ತೆಯ ದನಿ ತಣ್ಣಗೆ ಕೇಳಿಸಿತು. "ಯಾರಾದ್ರೂ ಪ್ಲಗ್ ಕೀಳಿ."

ಯಜಮಾನರು ತೆವಳಿಕೊಂಡು ಹೋಗಿ ಕಿತ್ತರು. ಫ್ಯಾನು ನಿಟ್ಟುಸಿರು ಬಿಟ್ಟು ನಿಂತಿತು. ಮಣಿಗಳು ನಿಧಾನಕ್ಕೆ ಇಳಿದವು. ಪರದೆ ಕಪ್ಪಾಗಿತ್ತು.

ರಬ್ಬರಕ್ಕ ದಿಂಬುಗಳ ರಾಶಿಯ ಮೇಲೆ ಕುಸಿದು ಕೂತಳು. ನಗಬೇಕೋ ಅಳಬೇಕೋ ತಿಳಿಯದೆ ಎರಡಕ್ಕೂ ಒಂದೇ ಮುಖ ಮಾಡಿದಳು. ಸಂಜೆಯಾಯಿತು. ಗರಿಯಿಲ್ಲ, ಸ್ಕ್ರಿಪ್ಟಿಲ್ಲ. ಕಿಟಕಿಯಿಲ್ಲದ ನೆಲಮಾಳಿಗೆ ಕಣ್ಣ ಮುಂದೆ ಬಂತು.

"ನಾನು ಒಂದೇ ಒಂದು ದಿಂಬು ಕೇಳಿದ್ದು ಅತ್ತೆ."

"ಒಂದೇ ಕೇಳಿದೆ, ನಿಜ. ಆದ್ರೆ ಯಾರನ್ನ ಕೇಳಿದೆ?" ಅತ್ತೆ ಸೀರೆಯ ಮೇಲಿನ ಮಣಿಗಳನ್ನು ಒಂದೊಂದಾಗಿ ಹೆಕ್ಕುತ್ತ ಹೇಳಿದರು. "ಎಲ್ಲರನ್ನೂ ಕೇಳಿದೆ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಕಾಣಲ್ಲ. ಪ್ರತಿಯೊಬ್ಬರೂ ನೀನು ಹೇಳಿದ್ದನ್ನ ಹೇಳಿದ ಹಾಗೇ ಮಾಡಿದ್ರು. ಅವರದೇನು ತಪ್ಪು?"

ರಬ್ಬರಕ್ಕ ತಲೆಯೆತ್ತಿ ಕಪ್ಪು ಪರದೆಯನ್ನು ನೋಡಿದಳು. ಅತ್ತೆಯನ್ನು ನೋಡಿದಳು. ಮತ್ತೆ ಪರದೆಯನ್ನು ನೋಡಿದಳು.

ಚೌಕದೊಳಗೆ ಬರೆದ ಅಪ್ಪಣೆ ಯಾರಿಗೆ ಹೋಗುತ್ತದೆ? ಪಾಠದಲ್ಲಿ ಮೊದಲನೇ ದಿನವೇ ಹೇಳಿದ್ದರು, ಅವಳು ಕೆಂಪು ಶಾಯಿಯಲ್ಲಿ ಬರೆದುಕೊಂಡೂ ಇದ್ದಳು. ಪ್ರತಿ ಚುಕ್ಕಿಗೂ ಹೋಗುತ್ತದೆ. ಪ್ರತಿ ಚುಕ್ಕಿಯೂ ತನಗೊಂದಕ್ಕೇ ಹೇಳಿದ್ದೆಂದು ತಿಳಿದು, ಪಕ್ಕದ ಚುಕ್ಕಿಯ ಕಡೆ ನೋಡದೆ ಅದನ್ನು ಮಾಡುತ್ತದೆ. ನಾಲ್ಕು ಸಾವಿರ ಚುಕ್ಕಿಗಳಿದ್ದವು. 'ನಾಲ್ಕು ಸಾವಿರ ಗರಿ ಮಾಡು' ಎಂದು ಬರೆದಿದ್ದಳು.

"ರೀ, ನಾಲ್ಕು ಸಾವಿರವನ್ನ ನಾಲ್ಕು ಸಾವಿರದಿಂದ ಗುಣಿಸಿದ್ರೆ ಎಷ್ಟು?"

ಯಜಮಾನರು ಕಿವಿಯಿಂದ ಒಂದು ಮಣಿ ತೆಗೆದರು. "ಒಂದು ಕೋಟಿ ಅರವತ್ತು ಲಕ್ಷ. ಯಾಕೆ, ಅಷ್ಟು ಜನ ದಿಂಬು ತರ್ತಾರಾ?"

"ಬೆಳಿಗ್ಗೆಯಿಂದ ಪಾಪ ಈ ಕಂಪ್ಯೂಟರು ಅಷ್ಟು ಗರಿ ಮಾಡ್ತಾ ಕೂತಿತ್ತು," ಎಂದಳು ರಬ್ಬರಕ್ಕ. ಅವಳಿಗೆ ಅದರ ಮೇಲೆ ಕರುಣೆ ಉಕ್ಕಿತು. ಎದ್ದು ಹೋಗಿ ಅದರ ಬಿಸಿ ಬೆನ್ನನ್ನು ಸವರಿದಳು.

ಅತ್ತೆ ಹೇಳಿದರು: "ರೇಡಿಯೋಗೆ ಸೇರಿದ ಹೊಸದರಲ್ಲಿ ನಾನೂ ಹೀಗೇ ಮಾಡ್ತಿದ್ದೆ. ಲಕ್ಷ ಜನ ಕೇಳ್ತಾರೆ ಅಂತ ಲಕ್ಷ ಜನಕ್ಕೆ ಕೂಗಿ ಹೇಳ್ತಿದ್ದೆ. ನಮ್ಮ ದೊಡ್ಡವರು ಕರೆದು ಹೇಳಿದ್ರು, ಮೈಕಿನ ಆಚೆ ಒಬ್ಬರೇ ಕೂತಿದಾರೆ ಅಂದ್ಕೊಂಡು ಹೇಳಮ್ಮ. ಆ ಒಬ್ಬರಿಗೆ ಸರಿಯಾಗಿ ಹೇಳು, ಲಕ್ಷ ಜನಕ್ಕೂ ಅದೇ ಸಾಕು ಅಂತ."

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

"ಮೂವತ್ತೊಂದು," ಎಂದರು ಯಜಮಾನರು.

ಬಾಗಿಲಲ್ಲಿ ಲಿಫ್ಟ್ ತಾತ. ನೆಲಮಹಡಿಯಲ್ಲಿ ಒಬ್ಬರೇ ಇರುವವರು. ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಅವರು, ಈ ಕಟ್ಟಡಕ್ಕೆ ಲಿಫ್ಟೇ ಇಲ್ಲದ್ದರಿಂದ, ನಾಲ್ಕು ಮಹಡಿಯನ್ನೂ ಕಾಲಲ್ಲೇ ಹತ್ತಿ ಏದುಸಿರು ಬಿಡುತ್ತಿದ್ದರು. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ದಿಂಬು.

"ಬೆಳಿಗ್ಗೇನೇ ಓದಿದೆ ಮಗಾ. ತರಲೋ ಬೇಡವೋ ಅಂತ ಇಷ್ಟು ಹೊತ್ತಾಯ್ತು," ಎಂದರು. "ಇದು ಗರಿಯದೇ. ಅವಳದು. ಹೋದ ವರ್ಷದಿಂದ ಹಾಗೇ ಇದೆ."

ರಬ್ಬರಕ್ಕ ದಿಂಬನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ನಡುವೆ ಸ್ವಲ್ಪ ಎಡಕ್ಕೆ ಒಂದು ತಗ್ಗು ಹಾಗೇ ಉಳಿದಿತ್ತು.

"ತಾತ, ಇದನ್ನ ನಾನು ಬಿಚ್ಚಲ್ಲ."

"ಬಿಚ್ಚು. ಯಾರ ಉಪಯೋಗಕ್ಕೂ ಬರದೆ ಸುಮ್ನೆ ಇದ್ರೆ ಅವಳಿಗೆ ಆಗ್ತಾ ಇರ್ಲಿಲ್ಲ. ನನ್ನನ್ನೇ ಸುಮ್ನೆ ಕೂರಕ್ಕೆ ಬಿಡ್ತಿರ್ಲಿಲ್ಲ."

ರಬ್ಬರಕ್ಕ ಅವರನ್ನು ಕೂರಿಸಿದಳು. ಅವಳಿಗಿದ್ದದ್ದು ಒಂದೂವರೆ ದಿನ, ಆದರೂ ಗಡಿಯಾರದ ಕಡೆ ನೋಡಲಿಲ್ಲ. ಅಜ್ಜಿ ಯಾವ ಮಗ್ಗುಲಿಗೆ ಮಲಗುತ್ತಿದ್ದರು, ನಿದ್ದೆಯಲ್ಲಿ ಯಾರನ್ನು ಬೈಯುತ್ತಿದ್ದರು, ತಾತ ತಡವಾಗಿ ಬಂದ ದಿನ ಈ ದಿಂಬನ್ನೇ ಹೇಗೆ ಅವರ ಮೇಲೆ ಎಸೆಯುತ್ತಿದ್ದರು, ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಒಮ್ಮೆ ಕಣ್ಣು ಮುಚ್ಚಿ ತೆರೆದು, ದರ್ಜಿ ಅಮ್ಮನ ಕತ್ತರಿಯ ತುದಿಯಿಂದ ಮೂಲೆಯ ಮೂರೇ ಮೂರು ಹೊಲಿಗೆ ಬಿಚ್ಚಿದಳು. ಎರಡು ಬೆರಳು ಹಾಕಿ ಒಂದು ಗರಿ ತೆಗೆದಳು. ಒಂದೇ. ಸೂಜಿ ತಂದು ಮತ್ತೆ ಹೊಲಿದು, ದಿಂಬನ್ನು ತಾತನ ತೊಡೆಯ ಮೇಲಿಟ್ಟಳು.

"ಅಷ್ಟೇ ಸಾಕಾ?" ಎಂದರು ತಾತ. "ನಾಲ್ಕು ಸಾವಿರ ಬೇಕು ಅಂದ್ರು ನಿಮ್ಮ ಯಜಮಾನರು."

"ಒಂದು ಸಾಕು ತಾತ. ಒಂದಕ್ಕೆ ಸರಿಯಾಗಿ ಹೇಳಿದ್ರೆ ಉಳಿದವು ಕಲಿತುಕೊಳ್ತವಂತೆ."

ಯಜಮಾನರನ್ನು ಸ್ಟೂಲಿನ ಮೇಲೆ ಹತ್ತಿಸಿದರು. ಅವರು ಗರಿ ಬಿಟ್ಟರು. ಉಳಿದವರು ಕೆಳಗೆ ಕೂತು ನೋಡಿದರು. ಗರಿ ಎಡಕ್ಕೆ ಜಾರಿತು, ಅಂಚಿನಲ್ಲಿ ಒಂದು ಕ್ಷಣ ನಿಂತಿತು, ತಿರುಗಿ ಬಲಕ್ಕೆ ಜಾರಿತು. ಮತ್ತೆ ನಿಂತಿತು. ರಬ್ಬರಕ್ಕ ನೋಟುಪುಸ್ತಕದಲ್ಲಿ ಬರೆದುಕೊಂಡಳು. "ಇನ್ನೊಂದ್ಸಲ," ಎಂದಳು. ಇಪ್ಪತ್ತಾರು ಸಲ ಬಿಟ್ಟರು. ಹದಿನೈದನೆಯ ಸಲಕ್ಕೆ ಯಜಮಾನರು, "ಇವತ್ತು ನನಗೆ ಊಟ ಅನ್ನೋದು ಇದೆಯಾ?" ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ.

"ಒಂದು ಮಾತು ಹೇಳ್ಲಾ?" ಎಂದರು ಲಿಫ್ಟ್ ತಾತ. "ನಮ್ಮ ಕೆಲಸದಲ್ಲಿ ಬೀಳೋದೇ ಬೇರೆ, ಇಳಿಯೋದೇ ಬೇರೆ. ಇಳಿಯೋವಾಗ ಪ್ರತಿ ಕ್ಷಣಾನೂ ಮೇಲಿಂದ ಏನೋ ಒಂದು ಹಿಡ್ಕೊಂಡೇ ಇರುತ್ತೆ. ಈ ಗರಿ ನೋಡು. ಇದು ಬೀಳ್ತಾ ಇಲ್ಲ, ಇಳೀತಾ ಇದೆ."

ರಬ್ಬರಕ್ಕ ಅದನ್ನೂ ಬರೆದುಕೊಂಡಳು. ಬರೆದ ಮೇಲೆ ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಳು.

ಭಾನುವಾರ ಬೆಳಿಗ್ಗೆ ದೇವರ ಮುಂದೆ ಅವಳು ಏನೂ ಹೇಳಲಿಲ್ಲ. ರಜೆ ಮುಗಿಸಿ ಬರಬೇಕೆಂದು ಬಾಯಿಬಿಟ್ಟು ಕರೆಯಲು ನಾಚಿಕೆಯಾಯಿತು. ಸುಮ್ಮನೆ ಕೂತು ಎದ್ದಳು. ಕಂಪ್ಯೂಟರಿನ ಸಂದುಗಳಿಂದ ಮಣಿಗಳನ್ನು ಹೆಕ್ಕಲು ಒಂದು ಗಂಟೆ ಹಿಡಿಯಿತು. ಆಮೇಲೆ ಚೌಕದೊಳಗೆ ಒಂದೇ ಒಂದು ಗರಿಗೆ ಹೇಳುವ ಹಾಗೆ ಬರೆದಳು: ನಿಧಾನಕ್ಕೆ ಇಳಿ, ಗಾಳಿ ಹಿಡಿದುಕೊಂಡಿದೆ. ಎಡಕ್ಕೆ ಜಾರು, ಅಂಚಿನಲ್ಲಿ ಒಂದು ಕ್ಷಣ ನಿಲ್ಲು, ಬಲಕ್ಕೆ ತಿರುಗು. ಗುಂಡಿ ಒತ್ತಿದಳು. ಚಕ್ರ ಒಂದು ಸುತ್ತು ಹಾಕುವುದರೊಳಗೆ ನಾಲ್ಕು ಸಾವಿರ ಗರಿಗಳು ಪರದೆಯ ಮೇಲೆ ಬಂದು ಇಳಿಯತೊಡಗಿದವು. ಎಲ್ಲವೂ ಒಟ್ಟಿಗೆ ಎಡಕ್ಕೆ, ಒಟ್ಟಿಗೆ ನಿಲುಗಡೆ, ಒಟ್ಟಿಗೆ ಬಲಕ್ಕೆ. ಪೊಲೀಸ್ ಮೈದಾನದ ಕವಾಯತು ನಡೆದಂತಿತ್ತು.

ಯಜಮಾನರು ಹೆಗಲ ಮೇಲಿಂದ ಬಗ್ಗಿ ನೋಡಿದರು. "ಊರಿಗೆಲ್ಲ ಒಂದೇ ನಂಬರಿನ ಕನ್ನಡಕ ಕೊಟ್ಟಿದ್ದೀಯಲ್ಲೇ. ಹಾಗಾದ್ರೆ ಎಲ್ಲರೂ ಒಂದೇ ಕಡೆ ಎಡವುತ್ತಾರೆ."

ಅವಳು ಸರ್ರನೆ ತಿರುಗಿದಳು. "ಏನಂದ್ರಿ?"

"ಯಾಕೆ, ತಪ್ಪಾಯ್ತಾ?"

ತಪ್ಪಾಗಿರಲಿಲ್ಲ. ಪ್ರತಿ ಚುಕ್ಕಿಗೂ ತನ್ನದೇ ಒಂದು ಸಂಖ್ಯೆ ಇರುತ್ತದೆ. ಅದನ್ನು ಅಪ್ಪಣೆಯೊಳಗೆ ಸೇರಿಸಿದರೆ ಪ್ರತಿ ಗರಿಯೂ ತನ್ನ ಸಂಖ್ಯೆಗೆ ತಕ್ಕ ಹಾಗೆ, ಒಂದು ಬೇಗ, ಒಂದು ತಡವಾಗಿ, ಒಂದು ಸೋಮಾರಿಯ ಹಾಗೆ ಜಾರುತ್ತದೆ. ಸೇರಿಸಿದಳು. ಸೆಮಿಕೋಲನ್ ಮರೆತಳು, ಕಂಪ್ಯೂಟರಿನಿಂದ ಬೈಸಿಕೊಂಡಳು, ಹಾಕಿದಳು. 

ಗರಿಗಳು ಇಳಿದವು. ಯಜಮಾನರು ಕೈಯಲ್ಲಿದ್ದ ಲೋಟವನ್ನು ಹಾಗೇ ಹಿಡಿದು ನಿಂತರು. ಅತ್ತೆ ಕನ್ನಡಕ ಕೇಳಿ ಹಾಕಿಕೊಂಡು ನೋಡಿದರು. "ಸಾಧಾರಣದಿಂದ ಭಾರಿ," ಎಂದರು ಕೊನೆಗೆ.

ಆ ಸಂಜೆ ದಿಂಬುಗಳನ್ನು ವಾಪಸು ಕೊಡಲು ಗಂಡ ಹೆಂಡತಿ ಮನೆ ಮನೆಗೆ ಹೊರಟರು. ಇನ್ನೊಂದು ಮೆಸೇಜ್ ಹಾಕಿದರೆ ಫೋನನ್ನೇ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆಂದು ಯಜಮಾನರು ಹೇಳಿದ್ದರು. ಒಂದೂ ವಾಪಸಾಗಲಿಲ್ಲ. "ಇರಲಿ ಬಿಡಿ, ಮತ್ತೆ ಬೇಕಾಗಬಹುದು" ಎಂದು ಎಲ್ಲರೂ ಬಾಗಿಲಲ್ಲೇ ಹೇಳಿದರು. ಮೇಲಾಗಿ ದರ್ಜಿ ಅಮ್ಮ ಇನ್ನೊಂದು ಕೊಟ್ಟಳು.

ಸೋಮವಾರ ಹನ್ನೊಂದು ಗಂಟೆ. ಸ್ಟುಡಿಯೋದ ಚಿಕ್ಕ ಕತ್ತಲೆ ಕೋಣೆಯಲ್ಲಿ ಮೇಡಂ, ಹೊಗೆಯಣ್ಣ, ಮತ್ತು ಗೋಡೆಗೆ ಒತ್ತಿ ನಿಂತ ರಬ್ಬರಕ್ಕ. ದೃಶ್ಯ ಓಡಿತು. ಹತ್ತು ಸೆಕೆಂಡು ಗರಿಗಳು ತೇಲಿದವು, ತಡೆದವು, ಇಳಿದವು. ಕೊನೆಯ ಗರಿ ನೆಲ ಮುಟ್ಟುವ ಮೊದಲು ಒಮ್ಮೆ ಮನಸ್ಸು ಬದಲಾಯಿಸಿದಂತೆ ಮೇಲೆದ್ದು, ಆಮೇಲೆ ಕೂತಿತು.

ಮೇಡಂ, "ಇನ್ನೊಮ್ಮೆ," ಎಂದರು. ನೋಡಿದರು. "ಇನ್ನೊಮ್ಮೆ," ಎಂದರು. ಮೂರನೆಯ ಸಲ ಮುಗಿದ ಮೇಲೆ ಖುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಇದನ್ನ ಆರು ವಾರದಲ್ಲಿ ಕಲಿತ್ರಾ?"

"ಹೌದು ಮೇಡಂ."

"ಹೊಗೆಯಣ್ಣ, ಇಷ್ಟು ಚೆನ್ನಾಗಿ ಇಳಿಯೋ ಗರೀನ ನಾನು ನೋಡಿಲ್ಲ. ನೀನು?"

"ನಾನೂ ಇಲ್ಲ ಮೇಡಂ," ಎಂದ ಅವನು, ಮನಸ್ಸಿಟ್ಟೇ ಹೇಳಿದ.

ರಬ್ಬರಕ್ಕನಿಗೆ ಕಣ್ಣು ಮಂಜಾಯಿತು. ಹದಿನಾರು ವರ್ಷ ಅವಳ ಕೆಲಸ ಕಾಣದಿದ್ದಾಗಲೇ ಶಹಬಾಸ್ ಎಂದವರು, ಇವತ್ತು ಕಂಡದ್ದಕ್ಕೆ ಅನ್ನುತ್ತಿದ್ದರು. ಎದೆಯೊಳಗೆ ಒಂದು ಗರಿ ಮೇಲಕ್ಕೇ ಹೊರಟಿತು.

"ಖುರ್ಚಿ ನಿಮ್ಮದೇ," ಎಂದರು ಮೇಡಂ. ಆಮೇಲೆ ಕಾಗದವೊಂದನ್ನು ತಿರುವಿ, ಪರದೆಯ ಕಡೆ ನೋಡಿ, ಬಹಳ ಸಂಕೋಚದಿಂದ ಕೇಳಿದರು: "ಒಂದೇ ಒಂದು ವಿಷಯ. ದಿಂಬು ಎಲ್ಲಿ?"

ರಬ್ಬರಕ್ಕ ಪರದೆಯನ್ನು ನೋಡಿದಳು. ಗರಿಗಳಿದ್ದವು, ಕೋಣೆಯಿತ್ತು, ಬೆಳಕಿತ್ತು. ಒಡೆಯಬೇಕಾದ ದಿಂಬು ಎಲ್ಲೂ ಇರಲಿಲ್ಲ. ಮೂವತ್ತು ದಿಂಬುಗಳ ನಡುವೆ ಕೂತು ಬರೆದವಳು, ದೃಶ್ಯದೊಳಗೆ ದಿಂಬು ಹಾಕುವುದನ್ನೇ ಮರೆತಿದ್ದಳು.

ಮೇಡಂ ಮೊದಲು ನಕ್ಕರು. ಆಮೇಲೆ ಹೊಗೆಯಣ್ಣ. ಕೊನೆಗೆ, ಮುಖ ಮುಚ್ಚಿಕೊಂಡು, ರಬ್ಬರಕ್ಕ.

"ಬುಧವಾರದೊಳಗೆ ಹಾಕಿ ಕೊಡಿ. ಮೂರನೇ ಮಹಡಿಯಲ್ಲಿ ಕೂತೇ ಮಾಡಿ," ಎಂದು ಮೇಡಂ ಎದ್ದರು.

ಹೊರಗೆ ಮೆಟ್ಟಿಲ ಬಳಿ ಹೊಗೆಯಣ್ಣ ಅವಳನ್ನು ಕೂಡಿಕೊಂಡ. ದನಿ ತಗ್ಗಿಸಿ, "ಅಕ್ಕ, ತಲೆ ಕೆಡಿಸ್ಕೋಬೇಡಿ. ನನ್ನ ಹತ್ರ ಒಂದು ರೆಡಿ ದಿಂಬಿದೆ. ಹಳೇ ಸಿನಿಮಾಕ್ಕೆ ಮಾಡಿದ್ದು, ಹೊಲಿಗೆ ಸಮೇತ. ಈಗಲೇ ಕಳಿಸಿಬಿಡ್ಲಾ?" ಎಂದ.

ರಬ್ಬರಕ್ಕ ಎರಡೂ ಕೈ ಜೋಡಿಸಿದಳು.

"ಅಣ್ಣ, ನಿನಗೆ ಪುಣ್ಯ ಬರಲಿ. ಬೇರೆ ಏನು ಬೇಕಾದ್ರೂ ಕೊಡು. ದಿಂಬು ಮಾತ್ರ ಬೇಡ."